ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹುಂಜ.

ಹುಂಜ ಜಿಲ್ಮಾ ಅತ್ತೆಯದು. ಪೆತಿ ಮಾರ್ಟಿನಿಕ್ ದ್ವೀಪದ ಕಟ್ಟೆಯಲ್ಲಿ ಅತ್ತೆ, ಮೇಟ್ ಕಾರ್ನೀಲಿಯಸ್ ಇಬ್ಬರೂ ದೋಣಿ ಹತ್ತಿ ಕೂತಾಗಿತ್ತು. ಫಿಲೆಮನ್ ಹಗ್ಗ ಬಿಚ್ಚಲು ಬಗ್ಗಿದ್ದ. ಅಷ್ಟರಲ್ಲಿ ಅದು ಬುಟ್ಟಿಯ ಮುಚ್ಚಳ ಒದ್ದು ಹಾರಿ, ಒಣಹಾಕಿದ್ದ ಬಲೆಗಳ ಮೇಲೆ ಓಡಿ, ರಮ್ಮಿನ ಅಂಗಡಿಯ ತಗಡಿನ ಚಾವಣಿ ಏರಿ ಕೂತಿತು.

"ಹೋಗ್ಲಿ ಬಿಡತ್ತೆ, ಊರಲ್ಲಿ ಬೇರೆ ಹುಂಜ ಸಿಗುತ್ತೆ," ಎಂದ ಫಿಲೆಮನ್. ಅವನ ಕಣ್ಣೆಲ್ಲ ಇಳಿಯುತ್ತಿದ್ದ ಸೂರ್ಯನ ಮೇಲೆ.

"ಬೇರೆ ಹುಂಜವಾ? ನಿಮ್ಮಪ್ಪನಿಗೆ ಬಿಳೀ ಹುಂಜ ಬಿಟ್ರೆ ಬೇರೇದು ಸೇರ್ತಿತ್ತೇನೋ? ಬದುಕಿದ್ದಾಗ ಒಂದು ಹೊತ್ತು ನೆಮ್ಮದಿಯಾಗಿ ಕೂತು ಉಣ್ಣಲಿಲ್ಲ ನನ್ನ ತಮ್ಮ. ಹೋದ ಮೇಲೂ ಅವನ ತಟ್ಟೇಲಿ ಕಂಡಕಂಡ ಕೋಳಿ ಹಾಕ್ಲಾ?"

ಸಕಲ ಸಂತರ ಹಬ್ಬದ ರಾತ್ರಿ ಹಿರಿಯರಿಗೆ ತಟ್ಟೆ ಇಡಲೇಬೇಕು. ಜೋಳದ ಮುದ್ದೆ, ತೊಗರಿಕಾಳು, ಕೋಳಿ, ಒಂದು ಗುಟುಕು ರಮ್ಮು. ತಟ್ಟೆ ಸರಿಯಾಗಿಲ್ಲದಿದ್ದರೆ ಅವರು ಕನಸಿನಲ್ಲಿ ಬಂದು ಬೈಯುತ್ತಾರೆ, ಅದೂ ಅಕ್ಕಪಕ್ಕದ ಮನೆಯವರ ಕನಸಿನಲ್ಲಿ. ಫಿಲೆಮನ್ ಚಾವಣಿ ಹತ್ತಿದ. ಹುಂಜ ಪಕ್ಕದ ಮನೆಗೆ ಹಾರಿತು. ಆ ಊರಿನವರು ಹೊರಗೆ ಬಂದು ನಿಂತು, ಬಲಕ್ಕೆ ಹೋಗು, ಎಡಕ್ಕೆ ಹೋಗು ಎಂದು ತಲೆಗೊಂದು ಸಲಹೆ ಕೊಟ್ಟರು. ಕಡೆಗೆ ಹುಂಜ ಸಿಕ್ಕಿತು, ಅವನ ಅಂಗಿಯ ಒಂದು ತೋಳು ಹೋಯಿತು, ಜೊತೆಗೆ ಇದ್ದ ಒಳ್ಳೆಯ ಗಾಳಿಯೂ ಬಿದ್ದುಹೋಯಿತು.

ಅವನ ಅವಸರಕ್ಕೆ ಕಾರಣವಿತ್ತು. ದೋಣಿಯಲ್ಲಿ ಮಾಂಚಿನೀಲ್ ಕೊಲ್ಲಿಯ ಇಡೀ ಊರಿನ ಮೇಣದಬತ್ತಿ ಇತ್ತು. ಕತ್ತಲಾಗುತ್ತಲೇ ಕಾರಿಯಾಕು ದ್ವೀಪದ ಊರೂರಿನಲ್ಲೂ ಸಮಾಧಿಗಳ ಮೇಲೆ ದೀಪ ಹತ್ತುತ್ತದೆ. ಆ ವರ್ಷ ನಮ್ಮ ಊರಿನ ಅಂಗಡಿಯಲ್ಲಿ ಬತ್ತಿ ತೀರಿ, ತರುವ ಕೆಲಸ ಫಿಲೆಮನ್ ಪಾಲಿಗೆ ಬಂದಿತ್ತು. ತಾನಾಗಿ ಬಂದದ್ದಲ್ಲ, ಅವನೇ ಕೇಳಿ ಪಡೆದದ್ದು. ಅವನ ಅಮ್ಮ ಅರಮಿಂತಾ ಹೇಳಿದ್ದಳು: "ಹೊತ್ತಿಗೆ ಸರಿಯಾಗಿ, ಯಾವ ತಕರಾರೂ ಇಲ್ದೆ ಬತ್ತಿ ತಂದುಕೊಡು ಮಗಾ. ಅವತ್ತೇ ಊರೆದುರು ದೋಣಿ ನಿನ್ನದು ಅಂತೀನಿ. ನಿನ್ನನ್ನ ಕ್ಯಾಪ್ಟನ್ ಅಂತ ನಾನೇ ಕರೀತೀನಿ."

ಮಾಂಚಿನೀಲ್ ಕೊಲ್ಲಿಯಲ್ಲಿ ಕ್ಯಾಪ್ಟನ್ ಎನ್ನಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ದೋಣಿ ಯಾರ ಹೆಸರಿನಲ್ಲಿದೆಯೋ ಅವರು ಬಾಯಿ ಬಿಟ್ಟು ಕರೆಯಬೇಕು. ಈ ದೋಣಿಯ ಮೂತಿಯ ಮೇಲೆ 'ಅರಮಿಂತಾ' ಎಂದೇ ಬರೆದಿತ್ತು. ಅಪ್ಪ ಆಬ್ನರ್ ತನ್ನ ಕೈಯಾರೆ ಹಲಗೆ ಕೂಡಿಸಿ ಕಟ್ಟಿ, ಹೆಂಡತಿಯ ಹೆಸರಿಟ್ಟಿದ್ದ. ಆ ಆಬ್ನರ್ ಕ್ಯಾಪ್ಟನ್ ಒಂದು ದಿನ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಸಂಜೆ ದೋಣಿ ಮಾತ್ರ ಬಂತು. ಒಳಗೆ ಯಾರೂ ಇರಲಿಲ್ಲ. ಹಿಂಬದಿ ಮುಂದಾಗಿ, ಅಲೆಯ ಮೇಲೆ ಹಿಂದುಹಿಂದಾಗಿ ತೇಲುತ್ತಾ ಬಂದು, ಅರಮಿಂತಾ ನಿಂತಿದ್ದ ಜಾಗಕ್ಕೇ ತಾಗಿ ನಿಂತಿತು. ಊರಿನವರು ಇವತ್ತಿಗೂ ಆ ಮಾತನ್ನು ದನಿ ತಗ್ಗಿಸಿಯೇ ಆಡುತ್ತಾರೆ.

ಆಮೇಲೆ ಆ ದೋಣಿಯನ್ನು ನಡೆಸಿದ್ದು, ಬಣ್ಣ ಬಳಿದದ್ದು, ಹಾಯಿಗೆ ತೇಪೆ ಹಾಕಿದ್ದು ಎಲ್ಲ ಫಿಲೆಮನ್ನೇ. ಆದರೂ ಕಿವಿಯ ಪಕ್ಕ ಕೂದಲು ಬೆಳ್ಳಗಾದ ಮೇಲೂ ಊರಿಗೆ ಅವನು 'ಆಬ್ನರನ ಹುಡುಗ'.

ಬಂದರಿಗೆ ಹೊಸದಾಗಿ ಬಂದ ಅಧಿಕಾರಿ ಪಾಸ್ಕಲ್ ಸಾಹೇಬರು ಆ ವಾರವೇ ಡಂಗುರ ಹೊಡೆಸಿದ್ದರು: ಹೊತ್ತು ಮುಳುಗಿದ ಮೇಲೆ ಬರುವ ಹಾಯಿದೋಣಿಗೆ ದೀಪ ಇರಬೇಕು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ. ಇಲ್ಲದ ದೋಣಿಯನ್ನು ಕಟ್ಟೆಗೆ ಸರಪಳಿ ಹಾಕಿ ಬಿಗಿಯಲಾಗುವುದು.

*

ನಡುನೀರಿನಲ್ಲಿ ಗಾಳಿ ಪೂರ್ತಿ ಸತ್ತಿತು. ಹಾಯಿ ಒಣಹಾಕಿದ ಸೀರೆಯ ಹಾಗೆ ಜೋತುಬಿತ್ತು. ಸೂರ್ಯ ಕಾರಿಯಾಕುವಿನ ಗುಡ್ಡದ ಹಿಂದೆ ಇಳಿದ.

"ಆಯ್ತು, ಇನ್ನು ಸರಪಳಿ ಗ್ಯಾರಂಟಿ," ಎಂದ ಮೇಟ್ ಕಾರ್ನೀಲಿಯಸ್.

ಈ ಮೇಟ್ ಜೀವಮಾನವಿಡೀ ಎಣ್ಣೆ ಹಡಗುಗಳಲ್ಲಿ ಮೇಟ್ ಆಗಿ, ಅಂದರೆ ಕ್ಯಾಪ್ಟನ್ನಿನ ಕೈಕೆಳಗಿನ ಅಧಿಕಾರಿಯಾಗಿ ದುಡಿದು ನಿವೃತ್ತನಾಗಿ ಬಂದವನು. ಈಗ ಊರಿನ ಕಟ್ಟೆಯ ಮೇಲೆ ಕೂತು, ಹೋಗಿಬರುವ ಪ್ರತಿಯೊಂದು ದೋಣಿಯಲ್ಲೂ ತಪ್ಪು ಹುಡುಕುವುದೇ ಅವನ ಉದ್ಯೋಗ. ತಪ್ಪು ಸಿಗದ ದಿನ ಅವನಿಗೆ ಊಟ ರುಚಿಸುತ್ತಿರಲಿಲ್ಲ.

"ದೀಪ ಮಾಡೋಣ ಮೇಟ್," ಎಂದ ಫಿಲೆಮನ್. "ಹಿಂದಕ್ಕೆ ಲಾಟೀನಿದೆ, ಬಿಳಿ ಆಯ್ತು. ಬತ್ತಿಗೇನು ಬರ, ಊರಿಗಾಗೋಷ್ಟಿದೆ. ಕೆಂಪು, ಹಸಿರಿಗೆ ಏನು ಮಾಡೋದು?"

"ಪಾದ್ರಿಗಳ ಪೆಟ್ಟಿಗೆ ಬಿಚ್ಚು," ಎಂದಳು ಅತ್ತೆ. ಚರ್ಚಿನ ಪೀಠಕ್ಕೆಂದು ತರಿಸಿದ್ದ ಬಣ್ಣದ ಗಾಜಿನ ಲೋಟಗಳು ಅದರಲ್ಲಿದ್ದವು.

"ಚರ್ಚಿನ ಸಾಮಾನತ್ತೆ!"

"ಸಂತರ ಹಬ್ಬಕ್ಕೆ ಬತ್ತಿ ಹೊತ್ತುಕೊಂಡು ಹೋಗ್ತಿದೀವಿ ಕಣೋ. ಸಂತರೇನು ಪಾದ್ರಿಗಳ ಹತ್ರ ಚಾಡಿ ಹೇಳ್ತಾರಾ?"

ಒಂದು ಕೆಂಪು ಲೋಟ, ಒಂದು ಹಸಿರು ಲೋಟ ಹೊರಬಂದವು. ಆದರೆ ಮೇಟ್‌ಗೆ ಅಷ್ಟಕ್ಕೇ ಸಮಾಧಾನವಿಲ್ಲ.

"ಬರೀ ಲೋಟ ಇಟ್ರೆ ಆಗಲ್ಲ. ಕೆಂಪು ಆ ಕಡೆಯಿಂದ ಕಾಣಬಾರದು, ಹಸಿರು ಈ ಕಡೆಯಿಂದ ಕಾಣಬಾರದು. ಎರಡೂ ಮೂಗಿನ ನೇರದಿಂದ ಶುರುವಾಗಿ ಪಕ್ಕಕ್ಕೆ ತಿರುಗಿ, ಭುಜ ದಾಟಿ ಚೂರು ಹಿಂದಿನವರೆಗೆ ಬೆಳಗಬೇಕು. ಅಲ್ಲಿಗೆ ನಿಲ್ಲಬೇಕು. ಅದಕ್ಕೆ ಮರೆ ಬೇಕು, ಮರೆ!"

ದೋಣಿಗೆ ನುಗ್ಗುವ ನೀರನ್ನು ಮೊಗೆಯಲು ಇಟ್ಟಿದ್ದ ಹಾಲುಪುಡಿ ಡಬ್ಬಿಗಳು ಅವನ ಕಣ್ಣಿಗೆ ಬಿದ್ದವು. ಜೇಬಿನಿಂದ ಟಾರ್ಚು ತೆಗೆದು ಅತ್ತೆಯ ಕೈಗೆ ಕೊಟ್ಟು, "ಬೆಳಕು ಹಿಡಿ ಜಿಲ್ಮಾ," ಎಂದು ಚಾಕುವಿನಿಂದ ಡಬ್ಬಿಗಳ ಒಂದೊಂದು ಮಗ್ಗುಲು ಕೊಯ್ಯತೊಡಗಿದ. ಕೊಯ್ಯುವುದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಕೂದಲೆಳೆಯಷ್ಟು ಕೊಯ್ಯುವುದು. ಬಟ್ಟೆ ಅಂಗಡಿಯ ದರ್ಜಿ ಕೂಡ ಅಷ್ಟು ಅಳೆಯುವುದಿಲ್ಲ.

"ಮೇಟ್, ದೋಣಿ ಸೋರ್ತಿದೆ. ನಾನು ನೀರು ಯಾವುದ್ರಲ್ಲಿ ಮೊಗೀಲಿ?" ಎಂದು ಫಿಲೆಮನ್ ಕೇಳಿದ.

"ಮುಳುಗೋ ದೋಣಿಯಾದ್ರೂ ದೀಪ ಸರಿಯಿರ್ಬೇಕಪ್ಪ," ಎಂದ ಮೇಟ್.

ಅತ್ತೆ ತನ್ನ ಹಬ್ಬದ ಟೋಪಿ ತೆಗೆದು ಫಿಲೆಮನ್‌ನತ್ತ ಎಸೆದಳು. ಅವನು ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದರಲ್ಲಿ ನೇರಳೆ ಬಣ್ಣದ ಹೂವಿನ ಟೋಪಿಯಿಂದ ನೀರು ಚೆಲ್ಲುತ್ತಾ ಕೂತ.

ಈಗ ಕಟ್ಟುವ ಸರದಿ. ಮೇಟ್ ಹಾಯಿಕಂಬಕ್ಕೆ ಬೆನ್ನು ಕೊಟ್ಟು, ಫಿಲೆಮನ್‌ನ ಕಡೆಗೆ ಮುಖ ಮಾಡಿ, ಕಂಬದ ಎರಡು ಬದಿಯ ಹಗ್ಗಗಳಿಗೆ ಕೈ ಚಾಚಿ ನಿಂತ.

"ಕೆಂಪು ಯಾವ ಕಡೆ, ಹೇಳ್ರಿ ನೋಡೋಣ," ಎಂದು ಪರೀಕ್ಷೆ ಮಾಡುವ ಮೇಷ್ಟರ ಹಾಗೆ ಕೇಳಿದ.

"ಎಡಕ್ಕೆ!" ಎಂದಳು ಅತ್ತೆ.

"ಎಡಕ್ಕೆ!" ಎಂದ ಫಿಲೆಮನ್.

"ಎಡಕ್ಕೆ," ಎಂದು ಒಪ್ಪಿದ ಮೇಟ್, ಕೆಂಪನ್ನು ಎಡಗೈ ಕಡೆ ಬಿಗಿದು ಕಟ್ಟಿದ. ಹಸಿರನ್ನು ಬಲಗೈ ಕಡೆ ಕಟ್ಟಿದ. ಮೂವರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಆ ಖುಷಿಗೆ ಅತ್ತೆ ರಮ್ಮಿನ ಬಾಟಲಿ ತೆಗೆದು, ಮೊದಲ ಹನಿಗಳನ್ನು ಸಮುದ್ರಕ್ಕೆ ಚೆಲ್ಲಿ, ಉಳಿದದ್ದನ್ನು ಹಂಚಿದಳು.

ಇನ್ನು ಹಿಂಬದಿಯ ಲಾಟೀನು. ಅದರ ಬೆಳಕು ಮುಂದಕ್ಕೆ ಬೀಳಬಾರದು, ಡಬ್ಬಿಗಳು ಮುಗಿದಿವೆ. ಮೇಟ್ ಸುತ್ತ ನೋಡಿ ಅತ್ತೆಯನ್ನೇ ಲಾಟೀನಿನ ಮುಂದೆ ಕೂರಿಸಿದ. "ಇನ್ನು ಇರುವೆ ಗಾತ್ರದ ಬೆಳಕೂ ಮುಂದಕ್ಕೆ ಹೋಗಲ್ಲ," ಎಂದ.

"ಏನಂದೆ?"

"ಕಾನೂನು ಜಿಲ್ಮಾ, ಕಾನೂನು. ಅಲ್ಲಾಡಬೇಡ."

*

ಕತ್ತಲು ಕವಿದ ಮೇಲೆ ಗಾಳಿ ಮೆಲ್ಲಗೆ ಬೆನ್ನ ಹಿಂದಿನಿಂದ ಎದ್ದಿತು. ಹಾಯಿ ತುಂಬಿಕೊಂಡಿತು. ದೋಣಿ ಸದ್ದಿಲ್ಲದೆ ಜಾರತೊಡಗಿದಾಗ ನೀರು ಬೆಳಗಲು ಶುರುವಾಯಿತು. ವರ್ಷದ ಆ ಕಾಲದಲ್ಲಿ ನಮ್ಮ ಕಡಲು ಹಾಗೆ, ಕಲಕಿದಲ್ಲೆಲ್ಲ ಹೊಳೆಯುತ್ತದೆ. ದೋಣಿಯ ಎರಡು ಮಗ್ಗುಲಿಗೂ ತಣ್ಣನೆಯ ಬೆಳಕು ಸೀಳಿಕೊಂಡು ಹೋಯಿತು. ಹಿಂದೆ ತಿರುಗಿ ನೋಡಿದರೆ ಬಂದ ದಾರಿ ಪೂರ್ತಿ ಉಳಿದಿತ್ತು. ಕೆಳಗೆ ಯಾವುದೋ ದೊಡ್ಡ ಮೀನು ಹಾದುಹೋಯಿತು. ಅದರ ಇಡೀ ಮೈ ಬೆಳಕಿನಲ್ಲಿ ಬರೆದ ಹಾಗೆ ಕಂಡು ಮಾಯವಾಯಿತು. ಫಿಲೆಮನ್ ಟೋಪಿಯಿಂದ ಚೆಲ್ಲಿದ ನೀರೂ ಕಿಡಿಕಿಡಿಯಾಗಿ ಬಿತ್ತು.

ಹುಟ್ಟಿದಾಗಿನಿಂದ ನೋಡಿದ ಕಡಲು. ಆದರೂ ಅವನ ಮೈ ಜುಮ್ಮೆಂದಿತು. ಅಪ್ಪ ಈ ನೀರಿನಲ್ಲೇ ಎಲ್ಲೋ ಇದ್ದಾನೆ ಅನ್ನಿಸಿತು. ಅದರಲ್ಲಿ ಹೆದರಿಕೆ ಇರಲಿಲ್ಲ, ಎದೆ ತುಂಬಿ ಬಂತು ಅಷ್ಟೆ. ಸದಾ ವಟವಟ ಅನ್ನುವ ಅತ್ತೆಯೂ ಕೈಯನ್ನು ನೀರಿಗೆ ಇಳಿಬಿಟ್ಟು, ಬೆರಳುಗಳ ಸುತ್ತ ಹೊಳೆಯುವುದನ್ನು ನೋಡುತ್ತಾ ಕೂತಿದ್ದಳು.

ದೂರದಲ್ಲಿ ಕಾರಿಯಾಕು ಕಾಣಿಸಿತು. ತೀರದ ಉದ್ದಕ್ಕೂ ಊರೂರಿನ ಸಮಾಧಿಗಳು ಉರಿಯುತ್ತಿದ್ದವು. ಗುಡ್ಡದಿಂದ ನೀರಿನವರೆಗೆ ಸಾವಿರಾರು ಬತ್ತಿಗಳು. ನಡುವೆ ಒಂದೇ ಒಂದು ಜಾಗ ಕತ್ತಲೆ, ಅದು ನಮ್ಮೂರು. ಅಲ್ಲಿನ ಸತ್ತವರೆಲ್ಲ ಫಿಲೆಮನ್‌ಗಾಗಿ ಕತ್ತಲೆಯಲ್ಲಿ ಕಾದು ಮಲಗಿದ್ದರು. ಹಾಡಿನ ದನಿ ನೀರಿನ ಮೇಲೆ ತೇಲಿ ಬರುತ್ತಿತ್ತು. ಮರಳಿನ ಮೇಲೆ ಅಲ್ಲೊಂದು ಇಲ್ಲೊಂದು ಲಾಟೀನು ಅಲ್ಲಾಡುತ್ತಿತ್ತು.

ದೋಣಿ ಕೊಲ್ಲಿಯೊಳಗೆ ತಿರುಗಿತು. ಹಾಡು ತಟ್ಟನೆ ನಿಂತಿತು.

"ಯಾಕೆ ನಿಲ್ಸಿದ್ರು?" ಎಂದ ಫಿಲೆಮನ್.

"ದೀಪ ನೋಡಿ ಕಣಪ್ಪ," ಎಂದ ಮೇಟ್, ದನಿಯಲ್ಲೇ ಬೀಗುತ್ತಾ. "ಇಂಥಾ ದೀಪ ಈ ಕೊಲ್ಲಿ ಕಂಡಿತ್ತಾ?"

ಆಗ ಎದೆಯೆತ್ತರದಲ್ಲಿದ್ದ ಲಾಟೀನುಗಳೆಲ್ಲ ಒಟ್ಟಿಗೇ ಮರಳಿಗೆ ಇಳಿದವು. ಊರಿಗೆ ಊರೇ ಮೊಣಕಾಲೂರಿತ್ತು.

ಇಷ್ಟು ವರ್ಷ ಆಬ್ನರನ ಹುಡುಗ ಅಂದವರು ಇವತ್ತು ಮಂಡಿಯೂರಿ ಬರಮಾಡಿಕೊಳ್ಳುತ್ತಿದ್ದಾರೆ! ಫಿಲೆಮನ್ ಬೆನ್ನು ನೆಟ್ಟಗೆ ಮಾಡಿ ಕೂತ. ಟೋಪಿಯನ್ನು ಕಾಲಡಿಗೆ ತಳ್ಳಿದ. ಅದೇ ಹೊತ್ತಿಗೆ ಹುಂಜ ಬುಟ್ಟಿಯಿಂದ ತಲೆ ಹಾಕಿ, ಡಬ್ಬಿಯ ಸಂದಿಯಿಂದ ಬೀಳುತ್ತಿದ್ದ ಕೆಂಪು ಬೆಳಕು ಕಂಡು, ಬೆಳಗಾಯಿತೆಂದು ತಿಳಿದು ಗಂಟಲು ಹರಿಯುವ ಹಾಗೆ ಕೂಗಿತು. ತೀರದಲ್ಲಿ ಯಾರೋ ಹೆಂಗಸು ಕಿಟಾರನೆ ಕಿರುಚಿದಳು.

ದೋಣಿ ಮರಳಿಗೆ ತಾಗಿತು. ಫಿಲೆಮನ್ ಮೊಣಕಾಲುದ್ದ ನೀರಿಗೆ ಧುಮುಕಿ, ಮೂತಿ ಹಿಡಿದು ಎಳೆದ. ಅಲ್ಲೇ ನೀರಂಚಿನಲ್ಲಿ ಅಮ್ಮ ಕೂತಿದ್ದಳು. ಸಮುದ್ರ ಒಯ್ದವರಿಗೆ ಸಮಾಧಿ ಇರುವುದಿಲ್ಲ, ಅವರ ಬತ್ತಿ ಹಚ್ಚುವುದು ಅಲೆ ಬಂದು ಮುಟ್ಟುವ ಜಾಗದಲ್ಲಿ. ಅವಳು ಪ್ರತಿ ವರ್ಷ ಕೂರುವ ಜಾಗ ಅದು.

"ಆಬ್ನರ್," ಎಂದಳು ಅಮ್ಮ. "ಹೋದ ಸಲ ಬಂದ ಹಾಗೇ ಬಂದ್ಯಾ?"

"ಅಮ್ಮಾ, ನಾನು! ಫಿಲೆಮನ್!"

"ದೋಣೀಲಿ ನೀನಿದೀಯ, ಕಾಣ್ತಿದೆ ಮಗಾ. ನಡೆಸಿದ್ದು ಯಾರು ಅಂತ ಕೇಳ್ತಿದೀನಿ."

ಫಿಲೆಮನ್ ಅವಳು ನೋಡುತ್ತಿದ್ದ ಕಡೆ ತಿರುಗಿ ತನ್ನ ದೋಣಿಯನ್ನು ನೋಡಿದ. ಚುಕ್ಕಾಣಿಯ ಹತ್ತಿರ ಕೂತವನಿಗೆ ಇಷ್ಟು ಹೊತ್ತೂ ಡಬ್ಬಿಗಳ ಬೆನ್ನು ಮಾತ್ರ ಕಂಡಿತ್ತು. ಈಗ ಮುಖ ಕಂಡಿತು.

ನಮ್ಮೂರಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ದೀಪ ಓದಲು ಬರುತ್ತದೆ. ದೋಣಿ ನಮ್ಮೆದುರಿಗೆ ಬರುತ್ತಿದ್ದರೆ ಅದರ ಹಸಿರು ನಮ್ಮ ಎಡಕ್ಕೆ ಕಾಣಬೇಕು, ಕೆಂಪು ನಮ್ಮ ಬಲಕ್ಕೆ. ಈ ದೋಣಿಯ ಕೆಂಪು ಎಡಕ್ಕಿತ್ತು, ಹಸಿರು ಬಲಕ್ಕಿತ್ತು. ಅಂದರೆ ಬೆನ್ನು ತೋರಿಸಿಕೊಂಡೇ ಹತ್ತಿರ ಬರುತ್ತಿರುವ ದೋಣಿ. ಬೇರೆ ಊರಿನವರಾಗಿದ್ದರೆ ಎರಡು ಬಣ್ಣದ ದೀಪ ಬಂತು ಎಂದುಕೊಂಡು ಸುಮ್ಮನಿರುತ್ತಿದ್ದರು. ಸತ್ತವರ ರಾತ್ರಿ, ಕತ್ತಲಿನೊಳಗಿಂದ, ಅರಮಿಂತಾ ಕೂತ ಜಾಗಕ್ಕೇ ದೋಣಿಯೊಂದು ಹಿಂದುಹಿಂದಾಗಿ ಬರುವುದನ್ನು ಕಂಡದ್ದು ನಮ್ಮ ಊರು.

ಮೇಟ್ ಕಂಬಕ್ಕೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ ನಿಂತದ್ದು ಫಿಲೆಮನ್‌ಗೆ ನೆನಪಾಯಿತು. ಕೆಂಪು ಎಡಕ್ಕೇ ಕಟ್ಟಿದ್ದ. ಆ ಎಡ ಮೇಟ್‌ನ ಎಡ, ದೋಣಿಯದಲ್ಲ. ಎಣ್ಣೆ ಹಡಗಿನಲ್ಲಿ ದೀಪವನ್ನು ಯಾರೂ ಕಟ್ಟುವುದಿಲ್ಲ, ಗುಂಡಿ ಒತ್ತುತ್ತಾರೆ.

*

ಮರಳಿನ ಮೇಲೆ ಷೂ ಹಾಕಿಕೊಂಡೇ ಪಾಸ್ಕಲ್ ಸಾಹೇಬರು ಏದುಸಿರು ಬಿಡುತ್ತಾ ಬಂದರು.

"ದೀಪ ಉಲ್ಟಾ ಇದೆ! ಯಾರ್ರೀ ಕಟ್ಟಿದ್ದು?"

ಎಲ್ಲರೂ ಮೇಟ್‌ನನ್ನು ನೋಡಿದರು. ಮೇಟ್ ದೀಪ ನೋಡಿದ, ತನ್ನ ಎರಡು ಕೈ ನೋಡಿಕೊಂಡ. ಅವನ ಮುಖ ಬೂದಿಯಾಯಿತು. ನಾಳೆಯಿಂದ ಕಟ್ಟೆಯ ಮೇಲೆ ಕೂತು ಇನ್ನೊಬ್ಬರ ದೋಣಿಗೆ ತಪ್ಪು ಹೇಳುವುದು ಹೇಗೆ?

"ನಾನು ಕಟ್ಟಿದ್ದು ಕೆಂಪು ಎಡಕ್ಕೆ," ಎಂದ ಮೇಟ್, ಒಂದೊಂದೇ ಮಾತನ್ನು ನೆಲ ಮುಟ್ಟಿ ನೋಡಿ ಹೆಜ್ಜೆ ಇಡುವವನ ಹಾಗೆ. "ನನ್ನ ಕಣ್ಣಾಣೆ. ಜಿಲ್ಮಾನ ಕೇಳಿ."

"ಎಡಕ್ಕೇ ಕಟ್ಟಿದ್ದು," ಎಂದಳು ಅತ್ತೆ. "ನಾನೇ ಹೇಳಿ ಕಟ್ಟಿಸಿದ್ದು. ನಾನೇನು ಎಡ ಯಾವುದು ಬಲ ಯಾವುದು ಗೊತ್ತಿಲ್ದೋಳಾ?"

"ಹಾಗಾದ್ರೆ ಅದು ಬಲಕ್ಕೆ ಹೇಗೆ ಹೋಯ್ತು?"

"ಅದನ್ನ ನೀವೇ ಹೇಳಿ ಸಾಹೇಬ್ರೇ," ಎಂದ ಮೇಟ್. "ಮೂರು ಜನ ಸಮುದ್ರದೋರು ಕೆಂಪು ಎಡಕ್ಕೆ ಅಂತ ಕಟ್ತೀವಿ. ದಡಕ್ಕೆ ಬರೋದ್ರೊಳಗೆ ಬಲಕ್ಕಿರುತ್ತೆ. ನಡುವೆ ಕೈ ಹಾಕಿದ್ದು ಯಾರು?"

ಗುಂಪಿನಲ್ಲಿ ಉಸಿರು ಎಳೆದುಕೊಂಡ ಸದ್ದು ಹಾಯಿತು. "ಕೋಳಿ ಕೂಗಿತಲ್ಲ," ಎಂದರು ಯಾರೋ. "ನೀರು ಬೆಳಗ್ತಿತ್ತಲ್ಲ," ಎಂದರು ಇನ್ಯಾರೋ.

ಪಾಸ್ಕಲ್ ಸಾಹೇಬರು ಹಣೆ ಒರೆಸಿಕೊಂಡರು. "ಅಲ್ರೀ, ಅಷ್ಟಕ್ಕೂ ಈ ದೋಣಿಗೆ ಬಣ್ಣದ ದೀಪ ಯಾಕ್ರೀ ಬೇಕಿತ್ತು? ಏಳು ಮೀಟರು ಕೂಡ ಇಲ್ಲ. ಇಷ್ಟು ಚಿಕ್ಕ ಹಾಯಿದೋಣಿಗೆ ಬಣ್ಣದ ದೀಪ ಇಟ್ರೆ ಒಳ್ಳೇದು. ಆಗದಿದ್ರೆ ಕೈಗೆ ಸಿಗೋ ಹಾಗೆ ಒಂದು ಟಾರ್ಚ್ ಇಟ್ಕೊಂಡು, ಬೇರೆ ದೋಣಿ ಎದುರು ಬಂದಾಗ ತೋರಿಸಿದ್ರೂ ಸಾಕು. ಡಂಗುರದ ಕೊನೇಲಿ ಅದನ್ನೂ ಹೇಳಿಸಿದ್ದೆ. ಯಾರೂ ಕೊನೇತನಕ ನಿಂತು ಕೇಳಲ್ಲ."

ಅತ್ತೆ ತನ್ನ ಕೈಯಲ್ಲಿದ್ದ ಟಾರ್ಚನ್ನು ಮೆಲ್ಲಗೆ ಲಂಗದ ಮಡಿಕೆಯೊಳಗೆ ಸೇರಿಸಿದಳು.

"ಆದ್ರೆ ಉಲ್ಟಾ ದೀಪ ಅನ್ನೋದು ದೀಪವೇ ಇಲ್ಲದ್ದಕ್ಕಿಂತ ದೊಡ್ಡ ತಪ್ಪು," ಎಂದು ಸಾಹೇಬರು ಫಿಲೆಮನ್ ಕಡೆ ತಿರುಗಿದರು. "ದೋಣಿ ನಡೆಸ್ತಿದ್ದೋನು ನೀನು. ನಿಮ್ಮ ತಪ್ಪಿಂದ ಆಗಿದ್ರೆ ಹೇಳಿಬಿಡು, ಈಗಲೇ ಸರಪಳಿ ಹಾಕಿಸ್ತೀನಿ. ಹೋದವರ ಕೆಲಸ ಅಂತೀಯಾದ್ರೆ..." ಅವರೂ ಕತ್ತಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅದಕ್ಕೆ ನನ್ನ ಕಾನೂನಲ್ಲಿ ಜಾಗ ಇಲ್ಲ."

ಫಿಲೆಮನ್ ಬಾಯಿ ತೆರೆದ. ನಮ್ಮದೇ ತಪ್ಪು ಎಂದರೆ ದೋಣಿಗೆ ಸರಪಳಿ. ಎಡಬಲ ತಿಳಿಯದವನನ್ನು ಅಮ್ಮ ಯಾವ ಬಾಯಲ್ಲಿ ಕ್ಯಾಪ್ಟನ್ ಅಂದಾಳು? ಅಮ್ಮನ ಮುಖ ನೋಡಿದ. ಅದರ ಅರ್ಧಕ್ಕೆ ಕೆಂಪು ಬೆಳಕು ಬಿದ್ದಿತ್ತು, ಅರ್ಧಕ್ಕೆ ಹಸಿರು. ಅಪ್ಪ ಹೋದ ದಿನದಿಂದ ಬಿಗಿದುಕೊಂಡಿದ್ದ ಆ ಮುಖ ಸಡಿಲವಾಗಿತ್ತು. ಅವಳು ನಗುತ್ತಿದ್ದಳು. ಆ ನಗು ಅವನಿಗೆ ಮರೆತೇಹೋಗಿತ್ತು.

"ಅಪ್ಪನೇ," ಎಂದುಬಿಟ್ಟ. "ಚುಕ್ಕಾಣಿ ನನ್ನ ಕೈಲಿತ್ತು ಅಷ್ಟೆ. ನಡೆಸಿದ್ದು ಅಪ್ಪ."

ಮೇಟ್ ತಡೆಹಿಡಿದಿದ್ದ ಉಸಿರನ್ನು ಬಿಟ್ಟ. ಪಾಸ್ಕಲ್ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಅರಮಿಂತಾ ಎದ್ದು ನೀರಿಗಿಳಿದಳು. ದೋಣಿಯ ಮೂತಿಯ ಮೇಲೆ, ತನ್ನ ಹೆಸರಿನ ಮೇಲೆ ಅಂಗೈ ಇಟ್ಟಳು. ಕೆಂಪು ಲೋಟದ ಉರಿಗೆ ತನ್ನ ಬತ್ತಿ ಹಿಡಿದು ಹಚ್ಚಿ, ಊರಿನ ಕಡೆ ತಿರುಗಿದಳು.

"ಬತ್ತಿ ಇಳಿಸ್ರಪ್ಪ. ಇದೇ ಬೆಂಕಿಯಿಂದ ಹಚ್ಚಿ," ಎಂದಳು. ಆಮೇಲೆ ಮಗನನ್ನು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಕ್ಯಾಪ್ಟನ್ ಫಿಲೆಮನ್, ಮೊದಲನೇದು ನೀನು ಹಚ್ಚು," ಎಂದಳು.

ಕ್ಯಾಪ್ಟನ್! ಅವನಿಗೆ ಕಣ್ಣು ಮಂಜಾಯಿತು. ಊರಿನವರು ಒಬ್ಬೊಬ್ಬರಾಗಿ ನೀರಿಗಿಳಿದು, ಆ ಎರಡು ತಪ್ಪು ದೀಪಗಳಿಂದ ಬತ್ತಿ ಹಚ್ಚಿಕೊಂಡು, ಅಂಗೈ ಮರೆ ಮಾಡಿ ಗುಡ್ಡ ಹತ್ತಿದರು. ಒಂದು ಸಮಾಧಿ ಬೆಳಗಿತು, ಪಕ್ಕದ್ದು ಬೆಳಗಿತು, ಅಜ್ಜಂದಿರು, ಎಳೆಗೂಸುಗಳು, ಹೆಸರು ಅಳಿಸಿಹೋದ ಕಲ್ಲುಗಳು, ಎಲ್ಲ ಬೆಳಗುತ್ತಾ ಹೋದವು. ನಿಂತ ಹಾಡು ಮತ್ತೆ ಎದ್ದಿತು. ಕೊಲ್ಲಿಯ ನೀರಿನೊಳಗೆ ಇನ್ನೊಂದು ಗುಡ್ಡ ಉರಿಯಿತು. ಅಷ್ಟು ಚಂದದ ರಾತ್ರಿಯನ್ನು ಮಾಂಚಿನೀಲ್ ಕೊಲ್ಲಿ ಹಿಂದೆಂದೂ ನೋಡಿರಲಿಲ್ಲ. ತನ್ನ ಸುಳ್ಳಿನ ಬಗ್ಗೆ ಫಿಲೆಮನ್‌ಗೆ ಇದ್ದ ಅಳುಕೂ ಆ ಬೆಳಕಿನಲ್ಲಿ ಕರಗಿತು. ಯಾರಿಗೆ ಗೊತ್ತು, ನಿಜವಾಗಿಯೂ ಅಪ್ಪನೇ ಇರಬಹುದು ಎಂದು ಅವನಿಗೇ ಅನ್ನಿಸತೊಡಗಿತು. ದೋಣಿ ಉಳಿಯಿತು, ಹೆಸರು ಬಂತು, ಅಮ್ಮ ನಕ್ಕಳು. ಇನ್ನೇನು ಬೇಕು?

"ನಾಳೆ ಬೆಳಿಗ್ಗೆ ಬೇಗ ಮೀನಿಗೆ ಹೋಗ್ತೀನಮ್ಮ," ಎಂದ, ಅವಳ ಪಕ್ಕ ಕೂತು.

"ಯಾವ ದೋಣೀಲಿ?"

"ಇದರಲ್ಲೇ. ನನ್ನ ದೋಣೀಲಿ."

ಅಮ್ಮ ಅವನ ಬೆನ್ನು ಸವರಿದಳು. "ಅದ್ಹೇಗಾಗುತ್ತೆ ಮಗಾ? ನಿಮ್ಮಪ್ಪ ಎರಡು ಸಲ ಇದನ್ನ ನನ್ನ ಹತ್ರ ತಂದುಬಿಟ್ಟ. ಮೂರನೇ ಸಲ ಅವನ ಕೈಗೆ ಕೆಲಸ ಕೊಡೋದು ಬೇಡ. ನಡೆಸೋನು ಅವನೇ ಅಂತ ಊರೆದುರು ನೀನೇ ಹೇಳಿದೆಯಲ್ಲ. ಇನ್ನು ಇದು ಅವನ ದೋಣಿ. ಬದುಕಿರೋರು ಕೂರೋ ಹಾಗಿಲ್ಲ."

"ಅಮ್ಮಾ, ಆ ದೀಪ..." ಎಂದ ಫಿಲೆಮನ್.

"ಏನು ಮಗಾ?"

ಅವಳ ಮುಖದಲ್ಲಿ ಆ ನಗು ಇನ್ನೂ ಇತ್ತು.

"ಏನಿಲ್ಲಮ್ಮ," ಎಂದ.

*

ಮಾರನೆಯ ದಿನ ಊರಿನವರೆಲ್ಲ ಸೇರಿ, ಹಾಡು ಹೇಳುತ್ತಾ, ದಿಮ್ಮಿ ಉರುಳಿಸಿ ಅರಮಿಂತಾವನ್ನು ನೀರಂಚಿನ ಮರಳಿಗೆ ಎಳೆದು ನಿಲ್ಲಿಸಿದರು. ಬೆನ್ನು ಊರಿನ ಕಡೆಗೆ. ಅಪ್ಪನ ಕಾಲಿನ ಬಳಿ ಇರಲೆಂದು ಅಮ್ಮ ಚುಕ್ಕಾಣಿಯ ಹತ್ತಿರ ಒಂದು ಚಾಪೆ ಹಾಸಿದಳು. ಸತ್ತವರನ್ನು ಕಂಡು ಕೂಗಿದ ಹುಂಜವನ್ನು ಯಾರೂ ಕೊಯ್ಯುವ ಹಾಗಿಲ್ಲವೆಂದು ತೀರ್ಮಾನವಾಯಿತು; ಅದೀಗ ದೋಣಿಯ ಅಂಚಿನ ಮೇಲೆ ಮೆರೆಯುತ್ತದೆ. ಮೇಟ್ ಕಾರ್ನೀಲಿಯಸ್ ಕಟ್ಟೆಯ ಮೇಲೆ ಕೂತು, ಆಬ್ನರನ ಕೈ ತನ್ನ ಹೆಗಲ ಮೇಲಿಂದ ಹೇಗೆ ಹಾದುಹೋಯಿತು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ. ಪ್ರತಿ ಸಲವೂ ಆ ಕೈ ಸ್ವಲ್ಪ ತಣ್ಣಗಾಗುತ್ತಾ ಹೋಗಿದೆ.

ಫಿಲೆಮನ್ ಈಗ ಜಿಲ್ಮಾ ಅತ್ತೆಯ ಮಗನ ದೋಣಿಯಲ್ಲಿ ಕೂಲಿ ಆಳು. ಅಲ್ಲಿ ಅವನನ್ನು ಎಲ್ಲರೂ ಮರ್ಯಾದೆಯಿಂದಲೇ ಕರೆಯುತ್ತಾರೆ: "ಕ್ಯಾಪ್ಟನ್, ಆ ಬಕೆಟ್ ತಗೊಂಡು ನೀರು ಮೊಗಿ." "ಕ್ಯಾಪ್ಟನ್, ಮೀನಿನ ಕರುಳು ತೆಗೆದಾಯ್ತಾ?"

ದೋಣಿ ಎಳೆದ ವಾರಕ್ಕೇ ಪಾಸ್ಕಲ್ ಸಾಹೇಬರು ಷೂ ಕಳಚಿ, ಬರಿಗಾಲಿನಲ್ಲಿ ಬಂದು, ದೋಣಿಯ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು, ಫಿಲೆಮನ್‌ನನ್ನು ಪಕ್ಕಕ್ಕೆ ಕರೆದರು.

"ತಪ್ಪು ತಿಳೀಬೇಡಿ ಕ್ಯಾಪ್ಟನ್. ದೊಡ್ಡ ಅಲೆ ಬಂದಾಗ ಇದು ಅರ್ಧ ನೀರಲ್ಲೇ ಇರುತ್ತೆ. ಬೇರೆ ದೋಣಿಗಳು ಒಳಗೆ ಬರೋ ಹಾದಿ ಬೇರೆ. ನಿಂತ ದೋಣಿ ಅಂದ್ಮೇಲೆ ರಾತ್ರಿ ಒಂದು ದೀಪ ಬೇಕಾಗುತ್ತೆ. ದಿನಾ. ಜವಾಬ್ದಾರಿ ಕ್ಯಾಪ್ಟನ್‌ದೇ."

"ಯಾವ ದೀಪ ಸಾಹೇಬ್ರೇ?" ಎಂದು ಫಿಲೆಮನ್ ಗಾಬರಿಯಿಂದ ಕೇಳಿದ.

"ಹೆದರ್ಬೇಡಿ. ಒಂದೇ ಒಂದು ಬಿಳಿ ದೀಪ, ಸುತ್ತಲೂ ಕಾಣೋ ಹಾಗೆ."

ಹಾಗಾಗಿ ಪ್ರತಿ ಸಂಜೆ, ಬೇರೆಯವರ ದೋಣಿಯಿಂದ ಇಳಿದು, ಕೈ ತೊಳೆದುಕೊಂಡು, ಕ್ಯಾಪ್ಟನ್ ಫಿಲೆಮನ್ ತನ್ನ ದೋಣಿಯ ಕಂಬಕ್ಕೆ ಲಾಟೀನು ಏರಿಸುತ್ತಾನೆ. ಅಮ್ಮ ನೀರಂಚಿನಲ್ಲಿ ಕೂತು ನೋಡುತ್ತಾಳೆ. ಅವನು ಯಾವ ಕಡೆ ಮುಖ ಮಾಡಿ ನಿಂತು ಕಟ್ಟಿದರೂ ಈಗ ತಪ್ಪಾಗುವುದಿಲ್ಲ. ಆ ದೀಪಕ್ಕೆ ಎಡಬಲ ಇಲ್ಲ.